ದೊಡ್ಡ ಗುಳಿ, ಸಣ್ಣ ಗುಳಿ

ಪಾತ್ರೆಯ ತಳದಲ್ಲಿ ಹೆಸರಿದೆ, ಮಾಸಿದ ಅಂಟುಪಟ್ಟಿಯ ಮೇಲೆ ನೀಲಿ ಶಾಯಿ, ಶ್ರೀಮತಿ ಪೆಟ್ರೋಸ್ಕಿ, ಎರಡನೆಯದರಲ್ಲಿ ಬರೀ ಜಾನಿಸ್, ಮೂರನೆಯದರ ಪಟ್ಟಿ ಬಿಸಿನೀರಿಗೆ ಬಿಟ್ಟುಕೊಂಡು ತೊಟ್ಟಿಯ ಜಾಲರಿಯಲ್ಲಿ ಮುದುಡಿ ಕೂತಿದೆ, ಯಾರದೋ, ಹ್ಯಾಮ್ ಬಂದದ್ದು ಅದರಲ್ಲೋ ಎಲೆಕೋಸು, ಶಾವಿಗೆ ಹುರಿದ ಹಲೂಷ್ಕಿ ಬಂದದ್ದೋ, ನಾನು ತಿನ್ನಲಿಲ್ಲ, ಬಡಿಸಿದೆ. ಇವತ್ತು ಸೋಮವಾರ. ಎಮೆಟ್‌ನನ್ನು ಶನಿವಾರ ಹೂಳಿದೆವು, ನಿನ್ನೆಯಿಡೀ ಮನೆ ತುಂಬ ಕೋಟುಗಳು, ಇವತ್ತು ಯಾರೂ ಇಲ್ಲ, ಕಸದ ಗಾಡಿ ಬಂತು, ನಮ್ಮ ಮನೆಯ ಮುಂದೆ ನಿಧಾನಿಸಿತು, ಹೋಯಿತು, ನಾವು ಡಬ್ಬ ಹೊರಗಿಟ್ಟಿಲ್ಲ ಅಂದುಕೊಂಡೆ, ಇನ್ನೂ ನಾವು ಎಂದೇ ಅಂದುಕೊಂಡೆ. ಪಾತ್ರೆಗಳನ್ನು ಹಿಂದಿರುಗಿಸಬೇಕು, ಒಂದು ವಾರದೊಳಗೆ, ಖಾಲಿ, ತೊಳೆದು, ಒಳಗೆ ಚೀಟಿ ಇಟ್ಟು, ಇಲ್ಲಿ ಹಾಗೆಯೇ, ಮೂವತ್ತೊಂದು ವರ್ಷದ ವಿಧವೆಗೂ ಅದರಿಂದ ವಿನಾಯಿತಿ ಇಲ್ಲ. ಬಂದೂಕು ಕ್ಲಬ್ಬಿನ ವರ್ನನ್ ಕಚ್ಮಾರ್‌ಗೆ ಅವನ ಇಕ್ಕಳ ಕೊಡಬೇಕು. ಚರ್ಚಿನ ನೆಲಮಾಳಿಗೆಯಲ್ಲಿ, ಕಾಫಿ ಬುಂಡೆಯ ಪಕ್ಕ, ಟೈ ಕಟ್ಟಿಕೊಂಡು ಉಸಿರುಗಟ್ಟಿದವನ ಹಾಗೆ ನಿಂತಿದ್ದ ಮುದುಕ, ಏ ಕಾಲೇಜು, ಆ ಇಕ್ಕಳ ನಿಮ್ಮನೇಲಿದೆ, ಅವಸರ ಇಲ್ಲ, ಹಾಂ, ಈಗ ಯಾಕೆ ಹೇಳ್ದೆ ಅಂತ ನಂಗೇ ಗೊತ್ತಿಲ್ಲ, ಬಾಯಿ ನಂದು, ತಪ್ಪು ತಿಳ್ಕೋಬೇಡ. ನನಗೆ ತಪ್ಪೂ ಅನಿಸಲಿಲ್ಲ, ಸರಿಯೂ ಅನಿಸಲಿಲ್ಲ, ಇಕ್ಕಳ ಅನ್ನುವ ಪದ ಕಿವಿಗೆ ಬಿತ್ತು, ಅಷ್ಟೆ.

ಫೋನ್. ಅತ್ತೆ, ಡೊಲೊರೆಸ್, ಬೆಳಿಗ್ಗೆ ಎಂಟಕ್ಕೆ, ನಿನ್ನೆಯೂ ಎಂಟಕ್ಕೆ. ತಿಂದ್ಯಾ. ತಿಂದೆ. ಸುಳ್ಳು ಹೇಳ್ಬೇಡ. ಕಾಫಿ ಕುಡಿದೆ. ಕಾಫಿ ಊಟ ಅಲ್ಲ ಕೊರಿನ್. ಆಮೇಲೆ ಉಸಿರು, ಆಮೇಲೆ ಅದೇ, ನಾನು ತಾಯಿ ಕಣಮ್ಮ, ಕೇಳ್ಲೇಬೇಕು, ಮಂಗಳವಾರ ರಾತ್ರಿ ನೀವಿಬ್ರೂ ಜಗಳ ಆಡಿದ್ರಾ. ಆಡಿದ್ದೆವು. ಇಲ್ಲ ಎಂದೆ. ಅಡಿಗೆ ಚೆನ್ನಾಗಿಲ್ಲದಿದ್ದರೆ ಬಾಯಿಬಿಟ್ಟು ಹೇಳು, ಅರ್ಧ ತಿಂದು ಎದ್ದು ಹೋಗಬೇಡ, ನಾನೇನು ನಿನ್ನ ಆಳಲ್ಲ ಎಂದಿದ್ದೆ, ಅಷ್ಟೇ ಜಗಳ, ಅಷ್ಟಕ್ಕೆ ಯಾರಾದರೂ— ಬುಧವಾರ ಬೆಳಿಗ್ಗೆ ಏಳಕ್ಕೆ ಇಪ್ಪತ್ತು ನಿಮಿಷವಿತ್ತು, ಕಾರ್ಖಾನೆಗೆ ಹೊರಟವನ ಗಾಡಿ, ಸೇತುವೆಯ ಬಲಗಡೆಯ ಕಲ್ಲಿನ ಕಂಬ, ಪೊಲೀಸಿನವನು ಟೋಪಿ ತೆಗೆದು ಎದೆಗೊತ್ತಿಕೊಂಡು ನಮ್ಮ ಹೊಸ್ತಿಲಲ್ಲಿ, ನನಗಿಂತ ಚಿಕ್ಕವನು, ರಸ್ತೆ ನೇರ ಇದೆ ಮೇಡಂ, ಒಣಗಿತ್ತು, ಬ್ರೇಕ್ ಗುರುತು ಒಂದೂ ಇಲ್ಲ. ಕೇಳಬೇಕಾಗುತ್ತೆ ಮೇಡಂ, ಇತ್ತೀಚೆಗೆ ಮಂಕಾಗಿದ್ರಾ, ಏನಾದ್ರೂ ಬರೆದಿಟ್ಟಿದ್ದಾರಾ. ಬರೆದಿಟ್ಟಿರಲಿಲ್ಲ. ಮಂಕಾಗಿದ್ದ. ರಕ್ತದಲ್ಲಿ ಹೆಂಡವಿರಲಿಲ್ಲ, ನಿದ್ದೆಮಾತ್ರೆಯಿರಲಿಲ್ಲ, ಶವಪರೀಕ್ಷೆಯವನು ಮೆಲ್ಲಗೆ ಕೇಳಿದ, ಒಳಗೆ ತೆರೆದು ನೋಡ್ಬೇಕಾ, ಕಾನೂನಿಗೆ ಬೇಕಿಲ್ಲ, ನಿಮ್ಮಿಷ್ಟ. ಬೇಡ ಎಂದೆ. ಕೊಯ್ಯಬೇಡಿ ಎಂದೆ. ವಿಜ್ಞಾನ ಓದಿದವಳು, ದಿನವೂ ಊರಿನ ನೀರನ್ನು ಸೀಸೆಗೆ ಹಿಡಿದು ಪರೀಕ್ಷೆ ಮಾಡುವವಳು, ಒಂದು ಪ್ರಶ್ನೆಗೆ ಉತ್ತರ ಸಿಗುವ ಒಂದೇ ಬಾಗಿಲನ್ನು ನಾನೇ ಮುಚ್ಚಿ ಮೇಲೆ ಮಣ್ಣು ಹಾಕಿಸಿದೆ. ಈಗ ಡೊಲೊರೆಸ್ ಕೇಳುತ್ತಾಳೆ, ಊರು ಕೇಳುವುದಿಲ್ಲ, ಊರು ಹಲೂಷ್ಕಿ ತಂದುಕೊಡುತ್ತದೆ, ಪಾತ್ರೆ ಕೈಗಿಡುವಾಗ ಕಣ್ಣು ಬೇರೆಲ್ಲೋ ನೋಡುತ್ತದೆ. ಅವನೇ ಹೋದನೋ. ನನ್ನಿಂದ ಹೋದನೋ. ಹಲೋ, ಇದ್ದೀಯಾ. ಇದ್ದೇನೆ ಅಮ್ಮ.

ಮೆಟ್ಟಿಲು ಹದಿಮೂರು, ನೆಲಮಾಳಿಗೆಯ ವಾಸನೆ ಬದಲಾಗಿಲ್ಲ, ಒದ್ದೆ ಸಿಮೆಂಟು, ಹಿತ್ತಾಳೆ, ಅವನು ಬಂದೂಕಿನ ಖಾಲಿ ತೋಟೆಗಳನ್ನು ಉಜ್ಜಲು ಹಾಕುತ್ತಿದ್ದ ಅಕ್ರೋಡಿನ ಚಿಪ್ಪಿನ ಪುಡಿ, ದೀಪದ ದಾರ ಎಳೆದರೆ ಬೆಂಚು, ಅದರ ಅಂಚಿಗೆ ಬೋಲ್ಟು ಹಾಕಿ ಕೂರಿಸಿದ, ತೋಟೆ ಮತ್ತೆ ತುಂಬುವ ನೀಲಿ ಯಂತ್ರ, ಕೆಳಗೆ ಎರಡು ಕಾಫಿ ಡಬ್ಬ, ಒಂದರ ಮೇಲೆ ದೊಡ್ಡದು ಎಂದು, ಇನ್ನೊಂದರ ಮೇಲೆ ಸಣ್ಣದು ಎಂದು, ನನ್ನ ಅಕ್ಷರ, ಮದುವೆಯಾದ ಮೊದಲ ಚಳಿಗಾಲದ್ದು. ಹಾರಿಸಿದ ತೋಟೆ ಮುಗಿದ ತೋಟೆಯಲ್ಲ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಗುರುವಾರದ ಪಂದ್ಯ ಮುಗಿದ ಮೇಲೆ ದೊಡ್ಡ ದೊಡ್ಡ ಗಂಡಸರು ಕ್ಲಬ್ಬಿನ ನೆಲದ ಮೇಲೆ ಮೊಣಕಾಲೂರಿ ಖಾಲಿ ಹಿತ್ತಾಳೆ ಹೆಕ್ಕುವುದನ್ನು ನೋಡಿ ನಕ್ಕಿದ್ದೆ, ಕೋಳಿಗಳ ಹಾಗೆ ಕಾಣ್ತೀರಿ, ಅವನು ತಲೆಯೆತ್ತಿ, ಹೌದು, ನಿನ್ನ ಕಾಲ ಕೆಳಗೊಂದು ಕಾಳಿದೆ, ಸರೀತೀಯಾ. ಹಾಗೆ ಶುರುವಾದದ್ದು. ಉಜ್ಜಬೇಕು, ಹಳೆಯ ಪ್ರೈಮರ್ ಕಳಚಬೇಕು, ಹೊಸದು ಕೂರಿಸಬೇಕು, ಮದ್ದು, ಮೇಲೊಂದು ಸೀಸದ ಗುಂಡು. ಪ್ರೈಮರ್ ಅಂದರೆ ಬೇಳೆಯಷ್ಟು ಪುಟ್ಟ ಬಟ್ಟಲು, ತೋಟೆಯ ತಳದ ಗುಳಿಯಲ್ಲಿ ಕೂರುತ್ತದೆ, ಬಂದೂಕಿನ ಮೊಳೆ ತಾಕಿದರೆ ಕಿಡಿ, ಅದಿಲ್ಲದಿದ್ದರೆ ಉಳಿದದ್ದೆಲ್ಲ ಬರೀ ಲೋಹ. ನಲವತ್ತೈದರ ಪಿಸ್ತೂಲಿನ ತೋಟೆಗೆ ಹಿಂದೆಲ್ಲ ಒಂದೇ ಗುಳಿ, ದೊಡ್ಡದು. ಆಮೇಲೆ ಯಾವನೋ ಕಾರ್ಖಾನೆಯವನು ಸಣ್ಣದನ್ನೂ ಮಾಡಲು ಹೊರಟ, ಹೊರಗಿನಿಂದ ಎರಡೂ ಒಂದೇ, ಎತ್ತರ ಒಂದೇ, ದಪ್ಪ ಒಂದೇ, ತಿರುಗಿಸಿ ತಳ ನೋಡಿದರೆ ಮಾತ್ರ ಗೊತ್ತು, ಸಣ್ಣ ಗುಳಿಗೆ ದೊಡ್ಡ ಪ್ರೈಮರ್ ಒತ್ತಿದರೆ ಅದು ನಜ್ಜುಗುಜ್ಜು, ಹಣೆಬರಹ ಕೆಟ್ಟಿದ್ದರೆ ಕೈಯಲ್ಲೇ ಸಿಡಿಯುತ್ತದೆ. ವರ್ನನ್ ಪ್ರತಿ ಗುರುವಾರ ಬೈಯುತ್ತಿದ್ದ, ಒಂದೇ ತೋಟೆಗೆ ಎರಡು ಬಾಗ್ಲು ಇಟ್ಟ ಆ ಮಹಾನುಭಾವನ್ನ ಕರ್ಕೊಂಡ್ಬನ್ನಿ, ಅವನ ಷರಟಿಗೆ ಎರಡು ಅಳತೆ ಗುಂಡಿ ಹೊಲಿದು ಕೊಡ್ತೀನಿ, ಹಾಕ್ಕೊಂಡು ಚರ್ಚಿಗೆ ಹೋಗ್ಲಿ. ಎಮೆಟ್ ಬೈಯುತ್ತಿರಲಿಲ್ಲ, ಬೇರ್ಪಡಿಸುತ್ತಿದ್ದ. ಐವತ್ತು ತೂತಿನ ಮರದ ಹಲಗೆ, ತೋಟೆಗಳನ್ನು ತಲೆಕೆಳಗಾಗಿ ನಿಲ್ಲಿಸಿ, ತಳಗಳೆಲ್ಲ ಆಕಾಶ ನೋಡುತ್ತಾ, ಸಣ್ಣವನ್ನು ಹೆಕ್ಕಿ ತೆಗೆದು ಉಳಿದದ್ದನ್ನು ದೊಡ್ಡದರ ಡಬ್ಬಕ್ಕೆ ಸುರಿದು, ಮತ್ತೆ ಐವತ್ತು, ಮತ್ತೆ. ಅವನು ಹೆಕ್ಕಿದ್ದನ್ನು ಕ್ಲಬ್ಬಿನಲ್ಲಿ ಯಾರೂ ಮತ್ತೆ ನೋಡುತ್ತಿರಲಿಲ್ಲ. ಎಮೆಟ್ ಹ್ರಾಬಾಕ್ ನೋಡಿದ್ನಾ, ಸರಿ, ಮುಗೀತು.

ಇಕ್ಕಳ ಸಿಗಾರ್ ಪೆಟ್ಟಿಗೆಯಲ್ಲಿದೆ, ಮುಚ್ಚಳದ ಮೇಲೆ ಇದಕ್ಕೂ ಅಂಟುಪಟ್ಟಿ, ವ. ಕಚ್ಮಾರ್, ತೆಗೆದುಕೊಂಡು ಮೇಲೆ ಹೋಗಬೇಕು, ಹೋಗುತ್ತೇನೆ, ಸ್ವಲ್ಪ ಕೂರುತ್ತೇನೆ, ಅವನ ಸ್ಟೂಲು ನನ್ನ ಕಾಲಿಗೆ ಎತ್ತರ. ಹಲಗೆಯಲ್ಲಿ ತೋಟೆಗಳು ನಿಂತಿವೆ, ಪೂರ ಐವತ್ತಲ್ಲ, ಮುಗಿಸಿದ ಹಲಗೆ, ಸುರಿಯುವುದಷ್ಟೇ ಬಾಕಿ, ಎಡಗಡೆ ಎರಡು ತೂತು ಖಾಲಿ, ಒಂದು ಮೇಲಿನ ಸಾಲಿನಲ್ಲಿ, ಇನ್ನೊಂದು ನಡುವೆ. ಬಲಗಡೆ ಒಂದೂ ಖಾಲಿಯಿಲ್ಲ. ಬಲಗಡೆ ಸಣ್ಣ ಗುಳಿಯದೊಂದು ಇದೆ. ಇನ್ನೊಂದೂ ಇದೆ. ಮೂರು. ಮುಗಿಸಿಲ್ಲವೇನೋ, ನಾನು ಊಟಕ್ಕೆ ಕರೆದೆನೇನೋ, ಆದರೆ ಮುಗಿಸದೆ ಅವನು ಅದರ ಮೇಲೆ ಚಿಂದಿ ಹೊದಿಸುವುದಿಲ್ಲ, ಚಿಂದಿ ಅಂದರೆ ಮುಗಿಯಿತು, ಆ ಚಿಂದಿಯನ್ನು ಈಗ ತೆಗೆದವಳು ನಾನೇ. ದೊಡ್ಡದರ ಡಬ್ಬ ಮಡಿಲಿಗೆ ಎತ್ತಿಕೊಂಡೆ, ತಣ್ಣಗೆ, ಭಾರ, ಕೈ ಹಾಕಿ ಒಂದು ಹಿಡಿ, ಬೆರಳ ತುದಿಗೆ ತಳ ತಾಗಿಸಿ, ದೊಡ್ಡದು, ದೊಡ್ಡದು, ದೊಡ್ಡದು, ಬೆರಳು ಮರೆತಿಲ್ಲ, ದೊಡ್ಡದು, ಸಣ್ಣದು. ದೊಡ್ಡದರ ಡಬ್ಬದಲ್ಲಿ ಸಣ್ಣದು. ಆ ಮೊದಲ ಚಳಿಗಾಲದಲ್ಲಿ ಒಂದು ಸಾವಿರ ಲೆಕ್ಕ ಹಾಕಿದ್ದೆ, ಅವನನ್ನು ನಗಿಸಲು, ನಮ್ಮ ಕ್ಲಬ್ಬಿನ ನೆಲದಲ್ಲಿ ಬೀಳುವುದರಲ್ಲಿ ಎಂಟಕ್ಕೊಂದು ಸಣ್ಣ ಗುಳಿಯದು, ಹೋಗಿ ಆ ಮುದುಕ್ರಿಗೆ ಭಾಷಣ ಮಾಡು ಕಾಲೇಜು ಎಂದ, ಮಾಡಿದೆ, ಆ ಹೆಸರು ಅಲ್ಲಿಂದ ಅಂಟಿದ್ದು. ಈಗ ಬೆಂಚಿನ ಮೇಲೆ ಸುರಿದೆ, ನೂರು, ಇನ್ನೂರು, ಎಣಿಸುವುದೊಂದು ಕೆಲಸ, ಕಣ್ಣಿಗೆ ಕೆಲಸ ಕೊಟ್ಟರೆ ಅದು ಅಳುವುದಿಲ್ಲ, ಮುನ್ನೂರ ಇಪ್ಪತ್ತು ತೋಟೆಗಳಲ್ಲಿ ಇಪ್ಪತ್ತೊಂದು ಸಣ್ಣವು. ಹೆಚ್ಚುಕಡಿಮೆ ಹದಿನಾರಕ್ಕೊಂದು. ಬೇಕಾಬಿಟ್ಟಿ ಮಾಡಿದವನ ಲೆಕ್ಕ ಹೀಗಿರುವುದಿಲ್ಲ, ಕುಡಿದವನದೂ ಹೀಗಿರುವುದಿಲ್ಲ. ಇದು ಅರ್ಧ. ಇರಬೇಕಾದ ಸಣ್ಣವುಗಳಲ್ಲಿ ಸರಿಯಾಗಿ ಅರ್ಧ ಹೆಕ್ಕಿದ್ದಾನೆ, ಅರ್ಧ ಬಿಟ್ಟಿದ್ದಾನೆ, ಪ್ರತಿ ಹಲಗೆಯಲ್ಲೂ, ಎಷ್ಟು ವಾರಗಳಿಂದಲೋ, ಎಡದ ಅರ್ಧ ನೋಡಿ, ಬಲದ ಅರ್ಧ—

ತಟ್ಟೆ. ಮಂಗಳವಾರದ ತಟ್ಟೆ, ಎಡಗಡೆ ಒರೆಸಿದ ಹಾಗೆ ಖಾಲಿ, ಬಲಗಡೆ ಆಲೂಗಡ್ಡೆ, ಬಟಾಣಿ, ಮುಟ್ಟಿದ್ದೇ ಇಲ್ಲ, ನಡುವೆ ಗೆರೆ ಎಳೆದಂತೆ. ಹಿಂದಿನ ವಾರದ್ದೂ ಹಾಗೆಯೇ, ಒಂದು ಸಲ ಸಿಟ್ಟಿನಲ್ಲಿ ತಟ್ಟೆಯನ್ನು ಗಿರ್ರನೆ ತಿರುಗಿಸಿ ಅವನ ಮುಂದೆ ಕುಕ್ಕಿದ್ದೆ, ಇದನ್ಯಾರು ತಿನ್ತಾರೆ, ನಿಮ್ಮಪ್ಪನಾ, ಅವನು ನೋಡಿದ, ಅರೆ, ಇನ್ನೂ ಇತ್ತಾ ಎಂದು ಮುಳ್ಳುಚಮಚ ಎತ್ತಿಕೊಂಡು ಎಲ್ಲವನ್ನೂ ತಿಂದ, ಅಣಕಿಸುತ್ತಿದ್ದಾನೆ ಎಂದುಕೊಂಡೆ, ಎದ್ದು ಹೋಗಿ ಬಾಗಿಲು ಬಡಿದುಕೊಂಡೆ. ಹಾಲಿನ ಲೋಟ ಬಲಗೈ ತಾಗಿ ಎರಡು ಸಲ ಉರುಳಿತು. ಬಾಗಿಲ ಚೌಕಟ್ಟಿಗೆ ಬಲ ಭುಜ. ನಾನು ಬಲಗಡೆಯಿಂದ ಬಂದು ಮುಟ್ಟಿದರೆ ಬೆಚ್ಚುತ್ತಿದ್ದ, ಏನೋ ಮುಚ್ಚಿಡುತ್ತಿರುವವನ ಹಾಗೆ, ಇನ್ನೊಬ್ಬಳಿದ್ದಾಳಾ ಎಂದು ಕೂಡ ಕೇಳಿದೆ, ಕೇಳಿಬಿಟ್ಟೆ, ಅವನು ನಕ್ಕ, ಒಬ್ಬಳನ್ನೇ ಪೂರ್ತಿ ನೋಡೋಕಾಗ್ತಿಲ್ಲ ಮಾರಾಯ್ತಿ ಎಂದ. ಹೇಳಿದ್ದ. ಅವನು ಹೇಳೇ ಇದ್ದ. ತಲೆನೋವಿಗೆ ಮಾತ್ರೆ, ಡಾಕ್ಟರ ಹತ್ತಿರ ಹೋಗು, ಹೋಗ್ತೀನಿ, ಯಾವಾಗ, ಹಿಮ ಕರಗ್ಲಿ. ಬೆಂಚಿನ ಹಿಂದೆ ತಗಡಿನ ಬಟ್ಟಲಲ್ಲಿ ಚಪ್ಪಟೆಯಾದ ಪ್ರೈಮರ್‌ಗಳು, ಹತ್ತು, ಹನ್ನೆರಡು, ವರ್ಷಕ್ಕೊಂದನ್ನೂ ಕೆಡಿಸದವನದು, ಯಂತ್ರದ ಮೇಲಿನ ತೊಲೆಯಲ್ಲಿ ಕಪ್ಪಗೆ ಒಂದು ಸುಟ್ಟ ಬೊಟ್ಟು, ಜನವರಿಯಲ್ಲಿ ಒಂದು ಸಂಜೆ ಕೆಳಗೆ ಢಂ ಎಂದದ್ದು, ಏನದು ಎಂದು ಮೇಲಿನಿಂದ ಕೂಗಿದೆ, ಸುತ್ತಿಗೆ ಬಿತ್ತು, ಅಂದ. ಕೂಗಿದೆ, ಇಳಿದು ಬರಲಿಲ್ಲ, ಹದಿಮೂರು ಮೆಟ್ಟಿಲು. ಕಂಬ ಬಲಗಡೆ ಇತ್ತು. ರಸ್ತೆ ನೇರ ಇತ್ತು, ಒಣಗಿತ್ತು, ಅವನ ಬಲಗಡೆ ರಸ್ತೆಯೇ ಇರಲಿಲ್ಲ, ಕಂಬವೂ ಇರಲಿಲ್ಲ, ಇಲ್ಲದ ಕಂಬಕ್ಕೆ ಯಾರು ಬ್ರೇಕ್ ಒತ್ತುತ್ತಾರೆ. ಬರೆದಿಟ್ಟಿದ್ದಾರಾ ಮೇಡಂ. ಇಟ್ಟಿದ್ದಾರೆ, ಐವತ್ತು ತೂತಿನ ಹಲಗೆಯ ಮೇಲೆ. ಸಮಾಧಾನವಾಗಬೇಕಿತ್ತು. ಒಂದು ಗಳಿಗೆ ಆಯಿತು, ಆದರೆ ಈ ಲೆಕ್ಕ ನನ್ನದು, ನಾನು ಬೇಕೆಂದೇ ಹಾಕಿದ ಲೆಕ್ಕ, ಉತ್ತರ ಬೇಕಾದವಳಿಗೆ ಎಣಿಕೆ ಯಾವತ್ತೂ ಒಪ್ಪಿಕೊಳ್ಳುತ್ತದೆ, ಕಾಣದವನಿಗೂ ಸಾಯಬೇಕು ಅನಿಸಬಹುದು, ಕಾಣದವನಿಗೇ ಅನಿಸಬಹುದು.

ಕಾರಿನಲ್ಲಿ ಸಿಗಾರ್ ಪೆಟ್ಟಿಗೆ ಪಕ್ಕದ ಸೀಟಿನಲ್ಲಿ. ವರ್ನನ್‌ನ ಮನೆಗೆ ಸೇತುವೆಯ ಮೇಲೆ ಆರು ನಿಮಿಷ, ನಾನು ಕಲ್ಲುಗಣಿಯ ಸುತ್ತು ಹಿಡಿದೆ, ಇಪ್ಪತ್ತು ನಿಮಿಷ, ರಸ್ತೆ ಬದಿಯಲ್ಲಿ ಹಿಮ ಕರಗಿ ಕೊಳಕಾಗಿದೆ, ಬಲಗಣ್ಣು ಮುಚ್ಚಿ ನೋಡಿದೆ, ಅದಲ್ಲ, ಕಣ್ಣು ಮುಚ್ಚಿದರೆ ಮೂಗು ಕಾಣುತ್ತದೆ, ಕತ್ತಲೆ ಕಾಣುತ್ತದೆ, ಅವನಿಗೆ ಕತ್ತಲೆಯೂ ಕಂಡಿರಲಿಕ್ಕಿಲ್ಲ. ವರ್ನನ್ ರೈಲಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ, ಕಿವಿಗೆ ಏನೂ ತುರುಕದೆ ಬಂದೂಕು ಹಾರಿಸಿದವನು, ಅವನ ಜೊತೆ ಮಾತೆಂದರೆ ಕೂಗಾಟ, ಬಾಗಿಲು ತೆಗೆದ, ಒಳಂಗಿಯಲ್ಲಿದ್ದ, ಅಯ್ಯೋ, ಒಂದ್ನಿಮಿಷ, ಷರಟು ಹಾಕ್ಕೊಂಡ್ ಬರ್ತೀನಿ. ಬೇಡ ವರ್ನನ್. ಏನು. ಬೇಡ ಅಂದೆ. ಕೂತ್ಕೊ ಹಾಗಾದ್ರೆ, ನಾನು ಅವಸರ ಇಲ್ಲ ಅಂದಿದ್ನಲ್ಲ, ಇದೊಂದು ತುಂಡು ಕಬ್ಬಿಣಕ್ಕೆ ಓಡ್ಬಂದ್ಯಾ. ಪೆಟ್ಟಿಗೆ ಅಡಿಗೆಮನೆಯ ಮೇಜಿನ ಮೇಲಿಟ್ಟೆ. ಕಾಫಿ ಬಂತು, ನಿನ್ನೆಯದನ್ನು ಕಾಯಿಸಿದ್ದು. ಇದನ್ನ ಯಾಕೆ ತಗೊಂಡಿದ್ದ ಎಂದೆ, ಅವನ ಹತ್ರ ಯಂತ್ರ ಇತ್ತಲ್ಲ, ಒಂದು ಎಳೆತಕ್ಕೆ ಎಲ್ಲ ಮಾಡೋದು. ನಾನೂ ಅದೇ ಕೇಳ್ದೆ, ಫೆಬ್ರವರಿ ಮೊದಲ ವಾರ, ಏನಯ್ಯ, ಕುದುರೆಗಾಡಿ ಕಾಲಕ್ಕೆ ಹೋಗ್ತಿದ್ದೀಯಾ ಅಂದೆ, ಅದಕ್ಕವನು, ಯಂತ್ರ ಕೈಗೆ ಏನೂ ಹೇಳಲ್ಲ ವರ್ನನ್, ಇಕ್ಕಳ ಹೇಳುತ್ತೆ ಅಂದ. ವರ್ನನ್ ತನ್ನ ಅಂಗೈಯನ್ನು ಒಮ್ಮೆ ಹಿಚುಕಿ ಬಿಟ್ಟ. ಇದ್ರಲ್ಲಿ ಪ್ರೈಮರ್ ಒಂದೊಂದೇ ಕೂರಿಸ್ತೀವಲ್ಲ, ಗುಳಿ ಸಣ್ಣದಿದ್ರೆ ಕೈಗೆ ಗೊತ್ತಾಗುತ್ತೆ, ತಡೆಯುತ್ತೆ. ಕಣ್ಣು ಬೇಕಿಲ್ಲ.

ಹೇಳಿದೆ. ಹಲಗೆ, ಡಬ್ಬ, ಹದಿನಾರಕ್ಕೊಂದು, ತಟ್ಟೆ, ಕೂಗಿ ಹೇಳಬೇಕಾಗಿ ಬಂತು, ಗಂಡನ ಸಾವನ್ನು ಕೂಗಿ ಹೇಳುವುದು, ಎಡಗಡೆದಷ್ಟೇ ತಿಂತಿದ್ದ, ಏನು, ಎಡಗಡೆದು ವರ್ನನ್, ಬಟಾಣಿ ಹಾಗೇ ಬಿಡ್ತಿದ್ದ. ಮುದುಕ ಕಿಟಕಿಯ ಕಡೆ ತಿರುಗಿದ. ಜನವರೀಲಿ ಪಂದ್ಯ ಬಿಟ್ಟ, ಭುಜ ನೋವು ಅಂದ, ಬೆಣ್ಣೆ ಭುಜ ಅಂತ ಎಲ್ರೂ ಆಡ್ಕೊಂಡ್ವಿ, ನಾನೇ ಜೋರು. ಕ್ಲಬ್ಬಲ್ಲಿ ಏನಂತಾರೆ, ಎಂದೆ. ಯಾರೂ ಏನೂ ಅನ್ನಲ್ಲ. ವರ್ನನ್. ಅನ್ನಲ್ಲ ಹುಡುಗಿ, ಅದೇ ಅಂದ ಹಾಗೆ. ನಿನಗೇನನ್ನಿಸ್ತು. ಅವನು ಮೂಗು ಒರೆಸಿಕೊಂಡ, ನಂಗೂ ಅದೇ ಅನ್ನಿಸ್ತು, ದೇವ್ರು ಕ್ಷಮಿಸ್ಲಿ, ಶವಪೆಟ್ಟಿಗೆ ಹೊತ್ಕೊಂಡಿದ್ದಾಗ್ಲೂ ಅನ್ನಿಸ್ತಿತ್ತು, ಒಂದು ಮಾತು ನನ್ ಹತ್ರ ಹೇಳ್ಬಾರ್ದಿತ್ತಾ ಮುಠ್ಠಾಳ ಅಂತ. ಅವನಿಗೆ ಗೊತ್ತಿತ್ತು ಎಂದೆ, ಈಗ ಕೂಗಲಿಲ್ಲ, ಕಾಣ್ತಿಲ್ಲ ಅಂತ ಗೊತ್ತಿತ್ತು, ಅದಕ್ಕೇ ಇಕ್ಕಳ ತಗೊಂಡ, ಗೊತ್ತಿದ್ದೂ ಗಾಡಿ ಓಡಿಸಿದ. ಅವನಿಗೆ ಹೇಗೋ ಕೇಳಿಸಿತು. ಹೇಳಿದ್ರೆ ಬೀಗದ ಕೈ ಕಿತ್ಕೊಳ್ತಿದ್ದೆ ನೀನು. ಕಿತ್ಕೊಳ್ತಿದ್ದೆ. ಮತ್ತೆ ಕಾರ್ಖಾನೆಗೆ ನಲವತ್ತು ಮೈಲಿ ಹೆಂಗೆ ಹೋಗೋದು, ನೀನು ಕರ್ಕೊಂಡ್ ಹೋಗ್ತಿದ್ಯಾ. ಹೋಗುತ್ತಿದ್ದೆ, ಹೋಗುತ್ತಿದ್ದೆ, ದಿನವೂ, ಕತ್ತಲಲ್ಲೆದ್ದು, ನನ್ನನ್ನು ಕೇಳಲಿಲ್ಲ. ದಣಿವು ಈಗ ಬಂತು, ಶನಿವಾರ ಬರಬೇಕಾಗಿದ್ದದ್ದು, ಭುಜದಿಂದ ಇಳಿದು ಕುರ್ಚಿಗೆ. ಗೊತ್ತಿದ್ದವನು ಓಡಿಸಿದ ಅಂದರೆ ಅವನಿಗೆ ಬೇಕಿತ್ತು ಅಂತಲೋ, ಬೇಕಿರಲಿಲ್ಲ ಅಂತಲೋ, ಪ್ರಶ್ನೆ ಇದ್ದಲ್ಲೇ ಇದೆ, ಒಂದು ಮೆಟ್ಟಿಲು ಕೆಳಗಿಳಿದಿದೆ ಅಷ್ಟೆ. ಸರಿ, ನಿನ್ನ ವಸ್ತು ನೋಡಿಕೋ ಎಂದೆ, ನಾನು ಹೊರಡುತ್ತೇನೆ, ಎಲ್ಲ ಸರಿಯಿದೆಯಾ ನೋಡು, ನಾನು ತೆಗೆದು ನೋಡಿಲ್ಲ.

ವರ್ನನ್ ಮುಚ್ಚಳ ಎತ್ತಿದ. ಇಕ್ಕಳ ಬಟ್ಟೆಯಲ್ಲಿ ಸುತ್ತಿದೆ, ಬಿಚ್ಚಿದ, ಬಿಚ್ಚಿದವನ ಕೈ ನಿಂತಿತು. ಕನ್ನಡಕ ಎಲ್ಲಿ. ಹಣೆ ಮೇಲಿದೆ. ಇಳಿಸಿಕೊಂಡ. ಹತ್ರ ಬಾ, ಮುಟ್ಬೇಡ, ಇದಕ್ಕೆ ಜೀವ ಇದೆ, ಸಿಡಿದೀತು. ಇಕ್ಕಳದ ಬಾಯಲ್ಲಿ ಒಂದು ತೋಟೆ ಸಿಕ್ಕಿಕೊಂಡಿದೆ. ಇದು ನಂದಲ್ಲ, ಎಂದ, ಇದು ಅವನ್ದು. ಎರಡು ಬೆರಳಲ್ಲಿ, ಗೂಡಿನಿಂದ ಮೊಟ್ಟೆ ತೆಗೆಯುವ ಹಾಗೆ, ಪಕ್ಕಕ್ಕೆ ಸರಿಸಿ ಹೊರತೆಗೆದು, ತಳ ಮೇಲೆ ಮಾಡಿ, ಮೇಜಿನ ಮೇಲೆ ನಿಲ್ಲಿಸಿದ. ಸಣ್ಣ ಗುಳಿ. ಅದರ ಬಾಯಲ್ಲಿ ದೊಡ್ಡ ಪ್ರೈಮರ್, ಕೂತಿಲ್ಲ, ಓರೆಯಾಗಿ ನಿಂತಿದೆ, ಒಂದಂಚು ಗುಳಿಯ ತುಟಿಯನ್ನು ಕೂದಲಷ್ಟು ಕಚ್ಚಿಕೊಂಡು, ಉಳಿದದ್ದು ಹೊರಗೆ. ವರ್ನನ್ ಬಹಳ ಹೊತ್ತು ನೋಡಿದ, ಅವನ ಉಸಿರು ಶಿಳ್ಳೆಯ ಹಾಗೆ. ತಾಕಿದೆ, ಎಂದ. ಕೈಗೆ ಗೊತ್ತಾಗಿದೆ. ಹಿಡಿ ಹಿಚುಕಿದ್ರೆ ಇದು ಚಪ್ಪಟೆ, ಇಲ್ಲ ಢಂ, ಅವನ ಕೈ ಬಲ ನಿಂಗೊತ್ತಲ್ಲ, ಹಿಚುಕಿಲ್ಲ ನೋಡು, ಗೊತ್ತಾದ ತಕ್ಷಣ ಬಿಟ್ಟಿದ್ದಾನೆ, ಹಾಗೇ ಬಟ್ಟೆ ಸುತ್ತಿ ಇಟ್ಟಿದ್ದಾನೆ, ಬೆಳಿಗ್ಗೆ ನನ್ನ ಹತ್ರ ತಂದು ತೆಗೆಸೋಣ ಅಂತ ಇರ್ಬೇಕು. ಬೆಳಿಗ್ಗೆ. ಯಾವ ಬೆಳಿಗ್ಗೆ. ಇದು ಮಂಗಳವಾರದ್ದೋ ಸೋಮವಾರದ್ದೋ ಯಾರಿಗೆ ಗೊತ್ತು, ಇದರಲ್ಲಿ ತಾರೀಖಿಲ್ಲ, ಹೆಸರಿಲ್ಲ, ಕಾಣದವನ ಬೆರಳು ಒಂದು ಗಳಿಗೆ ತಡೆದದ್ದು ಮಾತ್ರ ಇದೆ, ಸಾಯಬೇಕೆಂದವನು ಕೈ ತಡೆಯುತ್ತಾನೋ. ಕೊಡು ಇಲ್ಲಿ, ಎಣ್ಣೆಗೆ ಹಾಕ್ಬಿಡ್ತೀನಿ, ಕಿಡಿ ಸಾಯ್ಲಿ, ಮನೇಲಿಟ್ಕೊಳ್ಳೋದಲ್ಲ ಅದು, ಏ ಕಾಲೇಜು, ಕೇಳಿಸ್ತಾ, ಎಂದು ಅವನು ಎದ್ದು ಕಪಾಟು ತೆರೆದು ಡಬ್ಬಿ ತಡಕುತ್ತಿದ್ದಾನೆ, ನನ್ನ ಕೈ ಮೇಜಿನ ಮೇಲಿದೆ, ತೋಟೆ ನನ್ನ ಕೈಯಿಂದ ಒಂದು ಗೇಣು ದೂರದಲ್ಲಿದೆ, ಬಲಗಡೆ, ನನಗೆ ಕಾಣುತ್ತಿದೆ, ಓರೆಯಾಗಿ, ಒಂದಂಚು ಮಾತ್ರ ಒಳಗೆ, ಉಳಿದದ್ದು ಹೊರಗೆ, ಹಿಚುಕಿಲ್ಲ, ಓರೆಯಾಗಿ, ಒಂದಂಚು ಮಾತ್ರ, ಹಿಚುಕಿಲ್ಲ, ಒಂದಂಚು